ಡಿ ಡ್ರೈವ್ ಬ್ಯಾಕಪ್ ಆಗುವುದಿಲ್ಲ: ಮನೆ ಕಂಪ್ಯೂಟರಿಗೆ ರಾನ್ಸಮ್‌ವೇರ್ ಬರದಂತೆ, ಬಂದರೂ ಫೈಲ್ ಹೋಗದಂತೆ

"ಮುಖ್ಯವಾದದ್ದನ್ನೆಲ್ಲ ಡಿ ಡ್ರೈವ್‌ಗೆ ಹಾಕಿದ್ದೀವಿ, ಏನೂ ಆಗಲ್ಲ." ತುಮಕೂರು, ಗುಬ್ಬಿ, ತಿಪಟೂರು ಕಡೆ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಮೇಲಿಂದ ಮೇಲೆ ಬರುತ್ತದೆ. ಅದು ಹುಟ್ಟಿದ್ದಕ್ಕೆ ಕಾರಣವೂ ಇದೆ. ಸಿಸ್ಟಂ ಕೈಕೊಟ್ಟಾಗ ಅಂಗಡಿಯವರು ಸಿ ಡ್ರೈವ್ ಒಂದನ್ನೇ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿಕೊಡುತ್ತಾರೆ. ಡಿ ಡ್ರೈವ್‌ನಲ್ಲಿದ್ದ ಫೋಟೊ, ಹಾಡು, ಲೆಕ್ಕಪತ್ರ ಹಾಗೇ ಉಳಿದಿರುತ್ತವೆ. ವರ್ಷಗಟ್ಟಲೆ ಇದನ್ನೇ ಕಂಡು ಡಿ ಡ್ರೈವ್ ಎಂದರೆ ಭದ್ರ ಎಂಬ ನಂಬಿಕೆ ಕೂತುಬಿಟ್ಟಿದೆ. ವಿಂಡೋಸ್ ಕೆಟ್ಟಾಗ ಮಾತ್ರ ಆ ನಂಬಿಕೆ ನಡೆಯುತ್ತದೆ. ಸಿ, ಡಿ ಎರಡೂ ಬಹುತೇಕ ಒಂದೇ ಡಿಸ್ಕಿನ ಪಾಲುಗಳು, ಒಂದೇ ಕೋಣೆಗೆ ನಡುವೆ ಪರದೆ ಕಟ್ಟಿದ ಹಾಗೆ. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ರಾನ್ಸಮ್‌ವೇರ್ ಬಂದರೆ ಡಿಸ್ಕ್ ಚೆನ್ನಾಗಿಯೇ ಇರುತ್ತದೆ, ಒಳಗಿರುವ ಒಂದು ಫೈಲೂ ತೆರೆಯುವುದಿಲ್ಲ.

ರಾನ್ಸಮ್‌ವೇರ್ ಮಾಡುವುದು ಇಷ್ಟೇ: ವಿಂಡೋಸಿಗೆ ಕಾಣುವ ಪ್ರತಿಯೊಂದು ಡ್ರೈವ್ ಅಕ್ಷರವನ್ನೂ ಹಿಡಿದು, ಅದರಲ್ಲಿರುವ ಫೋಟೊ, ವರ್ಡ್, ಎಕ್ಸೆಲ್, ಪಿಡಿಎಫ್, ವಿಡಿಯೊ, ಟ್ಯಾಲಿ ಡೇಟಾ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ, ಬೀಗದ ಕೈಗೆ ಹಣ ಕೇಳುವುದು. ಸಿ, ಡಿ, ಇ ಎಂಬ ಭೇದ ಅದಕ್ಕಿಲ್ಲ. ಚುಚ್ಚಿಟ್ಟ ಪೆನ್‌ಡ್ರೈವ್, ಸದಾ ತಗುಲಿಸಿಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಇನ್ನೊಂದು ಕಂಪ್ಯೂಟರಿನ ಫೋಲ್ಡರ್ ಎಲ್ಲವೂ ಅದರ ಕೈಗೆ ಸಿಗುತ್ತವೆ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು, ಬಹುತೇಕ ರಾನ್ಸಮ್‌ವೇರ್‌ಗಳು ಅಳಿಸಿಹಾಕುತ್ತವೆ. ಸಿಸ್ಟಂ ರಿಸ್ಟೋರ್ ಇದೆಯಲ್ಲ ಎಂದು ನೆಚ್ಚಿಕೊಂಡರೂ ಪ್ರಯೋಜನವಿಲ್ಲ. ಅದು ವಿಂಡೋಸಿನ ಸೆಟ್ಟಿಂಗ್ ಮತ್ತು ಪ್ರೋಗ್ರಾಂಗಳನ್ನು ಹಿಂದಕ್ಕೆ ತರುತ್ತದೆ, ನಿಮ್ಮ ಫೋಟೊಗಳನ್ನು ತರುವುದಿಲ್ಲ.

ಆದ್ದರಿಂದ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಒಂದೇ. ಕಂಪ್ಯೂಟರಿಗೆ ತಗುಲಿಕೊಂಡಿರದ ಒಂದು ಪ್ರತಿ ಬೇರೆ ಕಡೆ ಇರಬೇಕು. ಉಳಿದ ಉಪಾಯಗಳೆಲ್ಲ ಅಪಾಯವನ್ನು ಕಡಿಮೆ ಮಾಡುತ್ತವೆ. ಫೈಲ್ ವಾಪಸ್ ಸಿಗುವ ಭರವಸೆ ಕೊಡುವುದು ಆ ಬಿಡಿಸಿಟ್ಟ ಪ್ರತಿ ಮಾತ್ರ.

ಮನೆಗಳಿಗೆ ಬರುವುದು ಯಾವುದು

ಪತ್ರಿಕೆಯಲ್ಲಿ ಓದುವ ರಾನ್ಸಮ್‌ವೇರ್ ಸುದ್ದಿ ಆಸ್ಪತ್ರೆ, ಬ್ಯಾಂಕು, ದೊಡ್ಡ ಕಂಪನಿಗಳದ್ದು. ಮನೆ ಕಂಪ್ಯೂಟರುಗಳನ್ನು ಅತಿ ಹೆಚ್ಚು ಕಾಡಿದ ಕುಟುಂಬದ ಹೆಸರು ಸ್ಟಾಪ್, ಅದನ್ನೇ ಡಿಜೆವಿಯು ಎಂದೂ ಕರೆಯುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದೆ ಮಾಡಬೇಕಾದದ್ದರಲ್ಲಿ ಅರ್ಧ ಅದರಿಂದಲೇ ಅರ್ಥವಾಗುತ್ತದೆ.

ಓಡಲು ಶುರುವಾದಾಗ ಇದು ಅನೇಕ ಸಲ ವಿಂಡೋಸ್ ಅಪ್‌ಡೇಟ್‌ನ ಹಾಗೆ ಕಾಣುವ ಸುಳ್ಳು ಕಿಟಕಿಯೊಂದನ್ನು ತೋರಿಸುತ್ತದೆ. ಡಿಸ್ಕ್ ಯಾಕಿಷ್ಟು ಓಡುತ್ತಿದೆ ಎಂಬ ಅನುಮಾನ ಬರದಿರಲಿ ಎಂದು. ಪ್ರತಿ ಫೈಲಿನ ಹೆಸರಿನ ಕೊನೆಗೆ ಸಾಮಾನ್ಯವಾಗಿ ನಾಲ್ಕು ಅಕ್ಷರದ ಅರ್ಥವಿಲ್ಲದ ಬಾಲ ಸೇರುತ್ತದೆ. ಫೋಲ್ಡರುಗಳಲ್ಲಿ ರೀಡ್‌ಮಿ ಎಂಬ ಪಠ್ಯ ಫೈಲ್ ಬೀಳುತ್ತದೆ. ಅದರಲ್ಲಿ ವರ್ಷಗಳ ಕಾಲ ಒಂದೇ ದರ ಇತ್ತು: 980 ಡಾಲರ್, 72 ಗಂಟೆಯೊಳಗೆ ಬಂದರೆ ಅರ್ಧ, ಅಂದರೆ 490 ಡಾಲರ್. ರೂಪಾಯಿ ಲೆಕ್ಕದಲ್ಲಿ ಆ ಅರ್ಧವೇ 40 ಸಾವಿರ ದಾಟುತ್ತದೆ.

ವೇಗವಾಗಿ ಮುಗಿಸಬೇಕೆಂದು ಇದು ಪ್ರತಿ ಫೈಲಿನ ಮೊದಲ 150 ಕಿಲೋಬೈಟ್‌ನಷ್ಟನ್ನು ಮಾತ್ರ ಕೆಡಿಸುತ್ತದೆ. ವರ್ಡ್ ಫೈಲ್ ಅಷ್ಟರಲ್ಲೇ ಮುಗಿದುಹೋಗುತ್ತದೆ. 2 ಗಿಗಾಬೈಟ್‌ನ ಮದುವೆ ವಿಡಿಯೊದಲ್ಲಿ ಕೆಡುವುದು ತಲೆಯ ಭಾಗ ಮಾತ್ರ. ವಿಡಿಯೊ, ಆಡಿಯೊ ಫೈಲುಗಳ ತಲೆಭಾಗವನ್ನು ಮತ್ತೆ ಕಟ್ಟುವ ಉಚಿತ ಸಾಧನಗಳಿವೆ. ಅವಕ್ಕೆ ಅದೇ ಕ್ಯಾಮರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ಫೈಲನ್ನು ಮಾದರಿಯಾಗಿ ಕೊಡಬೇಕು. ಜಿಪ್ ಫೈಲಿನಲ್ಲಿ ಹಲವು ಫೋಟೊ ಕಟ್ಟಿಟ್ಟಿದ್ದರೆ ಮೊದಲ ಒಂದೆರಡು ಹೋಗಿ, ಉಳಿದವು ಜಿಪ್ ಬಿಚ್ಚುವ ಉಚಿತ ಪ್ರೋಗ್ರಾಂ ಸೆವೆನ್‌-ಜಿಪ್‌ನಲ್ಲಿ ಹೊರಗೆ ಬರುವುದುಂಟು. ಹಾಗಾಗಿ ಎಲ್ಲ ಹೋಯಿತೆಂದು ಹತಾಶರಾಗಿ ಡಿಸ್ಕ್ ಫಾರ್ಮ್ಯಾಟ್ ಮಾಡಿಸಬೇಡಿ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಇದು ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಕೆಲಸವನ್ನು ನೆಟ್ಟುಕೊಂಡು ಐದೈದು ನಿಮಿಷಕ್ಕೊಮ್ಮೆ ಮತ್ತೆ ಓಡುತ್ತದೆ. ಫೈಲೆಲ್ಲ ಹೋಗಿದೆ ಎಂದು ಗಾಬರಿಯಲ್ಲಿ ಓಡಿಬಂದು ಬ್ಯಾಕಪ್ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಚುಚ್ಚಿದರೆ, ಕೊನೆಗೆ ಉಳಿದಿದ್ದ ಪ್ರತಿಯೂ ಐದು ನಿಮಿಷದೊಳಗೆ ಕೈಬಿಡುತ್ತದೆ. ಇದರ ಜೊತೆಗೇ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಎಷ್ಟೋ ಸಲ ಬಂದಿರುತ್ತದೆ. ಭದ್ರತಾ ತಾಣಗಳು ತೆರೆಯದಂತೆ ತಾಣಗಳ ವಿಳಾಸ ಹೇಳುವ ಹೋಸ್ಟ್ಸ್ ಫೈಲನ್ನೂ ಅದು ತಿದ್ದಿರುತ್ತದೆ.

ಬಾಗಿಲು ತೆಗೆಯುವುದು ಕ್ರ್ಯಾಕ್

ಇದು ಮನೆಯೊಳಗೆ ಬರುವ ಮುಖ್ಯ ದಾರಿ ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಓಡುವಂತೆ ಲೈಸೆನ್ಸ್ ಮುರಿದ, ಸಾಫ್ಟ್‌ವೇರ್. ಫೋಟೊಶಾಪ್, ಪೇಜ್‌ಮೇಕರ್, ವಿಡಿಯೊ ಎಡಿಟರ್, ಮಕ್ಕಳ ಆಟಗಳು, ಎಲ್ಲಕ್ಕಿಂತ ಹೆಚ್ಚಾಗಿ ವಿಂಡೋಸ್ ಮತ್ತು ಆಫೀಸನ್ನು ಬಿಟ್ಟಿಯಾಗಿ ಆ್ಯಕ್ಟಿವೇಟ್ ಮಾಡುವ ಪ್ರೋಗ್ರಾಂಗಳು. ಅಲ್ಲಿ ನಡೆಯುವ ಕ್ರಮವನ್ನು ಗಮನಿಸಿ. ಜಿಪ್ ಫೈಲಿಗೆ ಪಾಸ್‌ವರ್ಡ್ ಇರುತ್ತದೆ, ಏಕೆಂದರೆ ಪಾಸ್‌ವರ್ಡ್ ಇದ್ದರೆ ಬ್ರೌಸರಿಗೂ ಆ್ಯಂಟಿವೈರಸ್‌ಗೂ ಒಳಗೇನಿದೆ ಎಂದು ನೋಡಲಾಗುವುದಿಲ್ಲ. ಜೊತೆಗಿರುವ ಸೂಚನೆ ಹೇಳುತ್ತದೆ: ಮೊದಲು ಆ್ಯಂಟಿವೈರಸ್ ಆಫ್ ಮಾಡಿ. ಆಮೇಲೆ ಹೇಳುತ್ತದೆ: ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಒತ್ತಿ. ಮೂರೂ ಕಾವಲನ್ನು ನಾವೇ ತೆಗೆದುಕೊಟ್ಟ ಮೇಲೆ ಒಳಗೆ ಬಂದವನನ್ನು ತಡೆಯುವವರು ಯಾರೂ ಉಳಿದಿರುವುದಿಲ್ಲ. ಯಾವುದೇ ಪ್ರೋಗ್ರಾಂ ಆ್ಯಂಟಿವೈರಸ್ ಆಫ್ ಮಾಡಲು ಹೇಳಿದರೆ ಅದನ್ನು ಅಲ್ಲಿಗೇ ಅಳಿಸಿ. ಇದರಲ್ಲಿ ವಿನಾಯಿತಿ ಬೇಡ.

ಅಸೆಂಬಲ್ಡ್ ಸಿಸ್ಟಂ ತಂದವರು, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರು ಇವತ್ತೇ ಒಂದು ಜಾಗ ನೋಡಬೇಕು. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್. ಅಲ್ಲಿ ಪಟ್ಟಿ ಖಾಲಿ ಇರಬೇಕು. ಇಡೀ ಸಿ ಡ್ರೈವ್ ಅಥವಾ ನಿಮಗೆ ಗೊತ್ತಿಲ್ಲದ ಒಂದು ಫೋಲ್ಡರ್ ಅಲ್ಲಿ ಕೂತಿದ್ದರೆ, ಆ್ಯಕ್ಟಿವೇಟ್ ಮಾಡಿದ ಪ್ರೋಗ್ರಾಂ ತನ್ನನ್ನು ಹಿಡಿಯದಂತೆ ಮಾಡಿಕೊಂಡ ವ್ಯವಸ್ಥೆ ಅದಾಗಿರುವ ಸಾಧ್ಯತೆ ದೊಡ್ಡದು. ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಹಸಿರು ಟಿಕ್ ತೋರಿಸುತ್ತಲೇ ಇರುತ್ತದೆ, ಆ ಜಾಗದೊಳಗೆ ಮಾತ್ರ ಇಣುಕುವುದಿಲ್ಲ. ಅದನ್ನು ತೆಗೆದುಹಾಕಿ, ಅದೇ ಪುಟದಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಮಾಡಿ, ಫುಲ್ ಸ್ಕ್ಯಾನ್ ಹಾಕಿ. ಇಷ್ಟು ಮಾಡಿದರೂ ಕ್ರ್ಯಾಕ್ ಆದ ವಿಂಡೋಸನ್ನು ನಂಬುವಂತಿಲ್ಲ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಗಿಗಾಬೈಟ್ ಅಥವಾ ಹೆಚ್ಚಿನ ಪೆನ್‌ಡ್ರೈವ್ ತಯಾರಿಸಿ ಹೊಸದಾಗಿ ಹಾಕಿಕೊಳ್ಳುವುದೇ ಸರಿ. ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ವಿಂಡೋಸ್ ಸಮೇತ ಬಂದಿದ್ದರೆ ಲೈಸೆನ್ಸ್ ಅದರ ಮದರ್‌ಬೋರ್ಡ್‌ನಲ್ಲೇ ಇರುತ್ತದೆ, ಅದೇ ಎಡಿಷನ್ ಹಾಕಿದರೆ ಇಂಟರ್‌ನೆಟ್ ಸಿಕ್ಕಿದ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ಲೈಸೆನ್ಸ್ ಇರುವ ಯಂತ್ರಕ್ಕೇ ಕ್ರ್ಯಾಕ್ ಹಾಕಿಸಿಕೊಂಡಿರುತ್ತಾರೆ.

ಸಾಫ್ಟ್‌ವೇರ್ ಕೊಳ್ಳಲು ದುಡ್ಡಿಲ್ಲದಿದ್ದರೂ ಕ್ರ್ಯಾಕ್ ಬೇಕಾಗಿಲ್ಲ. ಪತ್ರ, ಲೆಕ್ಕಕ್ಕೆ ಲಿಬ್ರೆ ಆಫೀಸ್ ಸಾಕು. ಚಿತ್ರಕ್ಕೆ ಗಿಂಪ್, ಲಗ್ನಪತ್ರಿಕೆ, ಬ್ಯಾನರ್ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ವಿಡಿಯೊಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಕನ್ನಡ ಟೈಪಿಂಗ್‌ಗೆ ವಿಂಡೋಸಿನಲ್ಲೇ ಕನ್ನಡ ಕೀಲಿಮಣೆ ಇದೆ, ನುಡಿ ತಂತ್ರಾಂಶವೂ ಉಚಿತ. ಬ್ರೌಸರ್ ಮತ್ತು ಪತ್ರ ಬರೆಯುವುದಕ್ಕಷ್ಟೇ ಬಳಸುವ ಹಳೆಯ ಯಂತ್ರವಾದರೆ ಲಿನಕ್ಸ್ ಮಿಂಟ್ ಹಾಕಿಬಿಡಿ.

ಉಳಿದ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ಇಮೇಲ್‌ನಲ್ಲಿ ಬರುವ ಜಿಎಸ್‌ಟಿ ನೋಟಿಸ್, ಕೊರಿಯರ್ ರಸೀದಿ, ಕರೆಂಟ್ ಬಿಲ್ ಎಂಬ ಅಟ್ಯಾಚ್‌ಮೆಂಟ್‌ಗಳು. ವಿಂಡೋಸ್ ಫೈಲಿನ ಬಾಲವನ್ನು ಮುಚ್ಚಿಡುತ್ತದಾದ್ದರಿಂದ ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಎಂಬುದು ಬರೀ ಬಿಲ್ ಡಾಟ್ ಪಿಡಿಎಫ್ ಆಗಿ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ, ಶೋ ಒಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಿ. ಅರ್ಧ ನಿಮಿಷದ ಕೆಲಸ. ಜೆಎಸ್, ವಿಬಿಎಸ್ ಬಾಲದ ಫೈಲ್‌ಗಳು ಡಬಲ್ ಕ್ಲಿಕ್ ಮಾಡಿದರೆ ನೇರವಾಗಿ ಓಡುತ್ತವೆ. ಅವನ್ನು ಯಾವಾಗಲೂ ನೋಟ್‌ಪ್ಯಾಡ್‌ನಲ್ಲಿ ತೆರೆಯುವಂತೆ ಓಪನ್ ವಿತ್‌ನಲ್ಲಿ ಬದಲಿಸಿದರೆ, ತಪ್ಪಿ ಒತ್ತಿದರೂ ಬರೀ ಅಕ್ಷರ ಕಾಣಿಸುತ್ತವೆ. 2024ರಿಂದ ಈಚೆಗೆ ಹಬ್ಬಿರುವ ಇನ್ನೊಂದು ಮೋಸ: ನೀವು ರೋಬೋ ಅಲ್ಲವೆಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ ಒತ್ತಿ, ಎಂಟರ್ ಹೊಡೆಯಿರಿ ಎನ್ನುವ ಪುಟ. ಹಾಗೆ ಮಾಡಿದರೆ ನಿಮ್ಮ ಕೈಯಿಂದಲೇ ಅವರ ಆಜ್ಞೆ ಓಡಿದಂತಾಗುತ್ತದೆ. ನಿಜವಾದ ಯಾವ ತಾಣವೂ ಇದನ್ನು ಕೇಳುವುದಿಲ್ಲ. ಮನೆಯಲ್ಲಿ ಅಪ್ಪ, ಅಮ್ಮ ಕಂಪ್ಯೂಟರ್ ಬಳಸುತ್ತಿದ್ದರೆ ಇದೊಂದನ್ನು ಅವರಿಗೆ ಕೂರಿಸಿಕೊಂಡು ಹೇಳಿ. ಬ್ಯಾಂಕಿನವರು, ಕಸ್ಟಮರ್ ಕೇರ್‌ನವರು ಎಂದು ಹೇಳಿಕೊಂಡು ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸುವವರ ವಿಷಯವನ್ನೂ.

ಅಪ್‌ಡೇಟ್ ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ವಾನಾಕ್ರೈ ಎಂಬ ರಾನ್ಸಮ್‌ವೇರ್ ಸಾಕ್ಷಿ. ವಿಂಡೋಸಿನ ಫೈಲ್ ಹಂಚಿಕೆಯಲ್ಲಿದ್ದ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪರಿಹಾರ ಬಿಟ್ಟಿತ್ತು. ದಾಳಿ ಶುರುವಾದದ್ದು ಮೇ 12ಕ್ಕೆ. ಸುಮಾರು ಎರಡು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟ ಯಂತ್ರಗಳೇ ಹೆಚ್ಚಾಗಿ ಸಿಕ್ಕಿಬಿದ್ದವು, ಪಕ್ಕದ ಆಂಧ್ರದಲ್ಲಿ ಪೊಲೀಸರ ಕೆಲವು ಕಂಪ್ಯೂಟರುಗಳೂ ಸೇರಿ. ಆ ಹಳೆಯ ಫೈಲ್ ಹಂಚಿಕೆ ನಿಮ್ಮಲ್ಲಿ ಇನ್ನೂ ಇದ್ದರೆ ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್‌ಗೆ ಹೋಗಿ ಎಸ್‌ಎಂಬಿ 1.0 ಎಂಬುದರ ಟಿಕ್ ತೆಗೆಯಿರಿ. ವಿಂಡೋಸ್ 7ಕ್ಕೆ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್‌ಗೆ ಹೆಸರು ಸೇರಿಸಿದರೆ 2026ರ ಅಕ್ಟೋಬರ್ 13ರ ತನಕ ಭದ್ರತೆಯ ಅಪ್‌ಡೇಟ್ ಮಾತ್ರ ಸಿಗುತ್ತವೆ.

ಬಿಡಿಸಿಡುವ ಬ್ಯಾಕಪ್

ಮೊದಲು ಯಾವುದನ್ನು ಉಳಿಸಬೇಕು ಎಂದು ವಿಂಗಡಿಸಿ. ಪಹಣಿಯನ್ನು ಸರ್ಕಾರದ 'ಭೂಮಿ' ಜಾಲತಾಣದಿಂದ ಮತ್ತೆ ತೆಗೆಯಬಹುದು. ಆಧಾರ್ ಮತ್ತೆ ಡೌನ್‌ಲೋಡ್ ಆಗುತ್ತದೆ. ಸಿನಿಮಾ, ಹಾಡು ಮತ್ತೆ ಸಿಗುತ್ತವೆ. ತೀರಿಕೊಂಡವರ ಫೋಟೊ, ಮದುವೆಯ ವಿಡಿಯೊ, ಮಗಳ ಪ್ರಾಜೆಕ್ಟ್ ವರದಿ, ಟ್ಯಾಲಿಯಲ್ಲಿರುವ ಈ ವರ್ಷದ ಲೆಕ್ಕ ಮತ್ತೆಲ್ಲೂ ಸಿಗುವುದಿಲ್ಲ. ಸ್ಟುಡಿಯೊದವರ ಹತ್ತಿರ ಇರುತ್ತದೆ ಬಿಡಿ ಎನ್ನಬೇಡಿ. ಆಲ್ಬಂ ಕೊಟ್ಟು ಸ್ವಲ್ಪ ದಿನವಾದ ಮೇಲೆ ಅವರೂ ಡಿಸ್ಕ್ ಖಾಲಿ ಮಾಡಿಕೊಳ್ಳಬೇಕಾಗುತ್ತದೆ. ಹೀಗೆ ವಿಂಗಡಿಸಿದರೆ ಎಷ್ಟೋ ಮನೆಗಳಲ್ಲಿ ನಿಜಕ್ಕೂ ಉಳಿಸಬೇಕಾದದ್ದು 200 ಗಿಗಾಬೈಟ್ ದಾಟುವುದಿಲ್ಲ.

ಅದಕ್ಕೆ ಬೇಕಾದದ್ದು 1 ಟೆರಾಬೈಟ್‌ನ ಪೋರ್ಟಬಲ್ ಹಾರ್ಡ್ ಡಿಸ್ಕ್ ಎರಡು. ಪೆನ್‌ಡ್ರೈವ್ ಬೇಡ. ಅದು ಜೆರಾಕ್ಸ್ ಅಂಗಡಿಗೂ ಕಾಲೇಜಿಗೂ ತಿರುಗುವ ವಸ್ತು, ಕಳೆಯುವುದೂ ಸುಲಭ, ಕೆಡುವಾಗ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಡಿಸ್ಕ್ ತಂದ ಮೇಲೆ ಅದು ಯಾವ ಫಾರ್ಮ್ಯಾಟ್‌ನಲ್ಲಿದೆ ಎಂದು ಪ್ರಾಪರ್ಟೀಸ್‌ನಲ್ಲಿ ನೋಡಿ. ಎಕ್ಸ್‌ಫ್ಯಾಟ್ ಆಗಿದ್ದರೆ, ಒಳಗೆ ಏನೂ ಹಾಕುವ ಮೊದಲೇ ಎನ್‌ಟಿಎಫ್‌ಎಸ್‌ಗೆ ಬದಲಿಸಿ. ಕಾರಣ ಕರೆಂಟು. ಕಾಪಿ ನಡೆಯುತ್ತಿರುವಾಗಲೇ ಕರೆಂಟ್ ಹೋದರೆ, ಬದಲಾವಣೆಯ ದಾಖಲೆ ಇಟ್ಟುಕೊಳ್ಳುವ ಎನ್‌ಟಿಎಫ್‌ಎಸ್ ಸಾವರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಎಕ್ಸ್‌ಫ್ಯಾಟ್‌ನಲ್ಲಿ ಆ ದಾಖಲೆ ಇಲ್ಲ, ಫೋಲ್ಡರಿನ ಪಟ್ಟಿಯೇ ಹರಿದುಹೋಗಬಹುದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಬ್ಯಾಕಪ್‌ಗೆ ಕೂರಬೇಡಿ. ಮನೆ ಬಳಕೆಯ 600 ವಿಎ ಯುಪಿಎಸ್, ಬ್ಯಾಟರಿ ಹಳೆಯದಾಗಿಲ್ಲದಿದ್ದರೆ, ಕಾಪಿ ನಿಲ್ಲಿಸಿ ಡಿಸ್ಕ್ ಬಿಡಿಸಿಕೊಳ್ಳುವಷ್ಟು ಹೊತ್ತು ಕೊಡುತ್ತದೆ.

ಡಿಸ್ಕ್ ತಗುಲಿಸುವ ಮೊದಲು ಒಂದು ಕೆಲಸ ಮಾಡಲೇಬೇಕು. ಕಂಪ್ಯೂಟರಿನಲ್ಲಿ ಬೇರೆ ಬೇರೆ ಫೋಲ್ಡರಿನಿಂದ ಐದಾರು ಫೈಲ್ ತೆರೆದು ನೋಡಿ. ಎಲ್ಲವೂ ಸರಿಯಾಗಿ ತೆರೆದರೆ, ಹೆಸರಿನ ಬಾಲ ಎಂದಿನ ಹಾಗೇ ಇದ್ದರೆ ಮಾತ್ರ ಮುಂದೆ ಹೋಗಿ. ಆಮೇಲೆ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿಗೆ ಡಿಸ್ಕ್ ಹಾಕಿ. ಹಳೆಯ ಫೋಲ್ಡರಿನ ಮೇಲೆ ರಿಪ್ಲೇಸ್ ಮಾಡಬೇಡಿ. ಇಸವಿ, ತಿಂಗಳ ಹೆಸರಿನ ಹೊಸ ಫೋಲ್ಡರ್ ಮಾಡಿ ಅದಕ್ಕೆ ಕಾಪಿ ಮಾಡಿ. ಮೇಲೆಯೇ ಬರೆದರೆ ಆಗುವ ನಷ್ಟ ಇದು: ಗೊತ್ತಾಗದೆ ಕೆಟ್ಟುಹೋಗಿದ್ದ ಫೈಲ್ ಒಳ್ಳೆಯ ಪ್ರತಿಯನ್ನು ನುಂಗುತ್ತದೆ. 200 ಗಿಗಾಬೈಟ್‌ನ ಮೂರು ಪ್ರತಿಗಳು 600 ಆದವು, 1 ಟೆರಾಬೈಟ್‌ನಲ್ಲಿ ಆರಾಮಾಗಿ ಕೂರುತ್ತವೆ. ನಾಲ್ಕನೆಯದು ಬಂದು, ಅದನ್ನು ಪರೀಕ್ಷಿಸಿ ಆದಮೇಲೆ ಹಳೆಯದನ್ನು ಅಳಿಸಿ.

ವೇಗದ ಅಂದಾಜು ಇರಲಿ. ಇಂಥ ಡಿಸ್ಕ್ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಬರೆಯುತ್ತದೆ, ಅಂದರೆ 200 ಗಿಗಾಬೈಟ್‌ಗೆ ಅರ್ಧ ಗಂಟೆ ಮೀರುತ್ತದೆ. ಸಣ್ಣ ಸಣ್ಣ ಸಾವಿರಾರು ಫೋಟೊ ಇದ್ದರೆ ಅದರ ಎರಡು ಮೂರು ಪಟ್ಟು. ಹಳೆಯ ಯುಎಸ್‌ಬಿ 2.0 ಪೋರ್ಟಿನಲ್ಲಿ ದೊಡ್ಡ ಫೈಲ್‌ಗಳಿಗೇ ಎರಡು ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಎಣಿಕೆ ಹೊಂದುತ್ತದೆಯೇ ನೋಡಿ, ಡಿಸ್ಕಿನಲ್ಲಿರುವ ಪ್ರತಿಯಿಂದಲೇ ಕೆಲವು ಫೋಟೊ, ಒಂದು ವಿಡಿಯೊ ತೆರೆದು ನೋಡಿ. ಟ್ಯಾಲಿಯವರು ಅದರೊಳಗಿನ ಬ್ಯಾಕಪ್ ಆಯ್ಕೆಯಿಂದಲೇ ಪ್ರತಿ ತೆಗೆದು ಡಿಸ್ಕಿಗೆ ಹಾಕಿ. ಟ್ಯಾಲಿ ತೆರೆದಿರುವಾಗಲೇ ಡೇಟಾ ಫೋಲ್ಡರ್ ಎಳೆದು ಹಾಕಿದರೆ ಅರೆಬರೆ ಪ್ರತಿ ಬರುವ ಅಪಾಯವಿದೆ. ಕೊನೆಗೆ ಸೇಫ್ಲಿ ರಿಮೂವ್ ಕೊಟ್ಟು, ವೈರ್ ಕಿತ್ತು, ಬೀರುವಿನಲ್ಲಿಡಿ. ವೈರ್ ಕೀಳುವುದೇ ಇಲ್ಲಿ ಅಸಲಿ ಕೆಲಸ. ಸದಾ ತಗುಲಿಸಿಟ್ಟ ಬ್ಯಾಕಪ್ ಡಿಸ್ಕ್ ರಾನ್ಸಮ್‌ವೇರ್‌ನ ಕಣ್ಣಿಗೆ ಇನ್ನೊಂದು ಡ್ರೈವ್ ಅಷ್ಟೆ.

ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಮನೆಗೆ ಸಾಕು, ವ್ಯಾಪಾರದ ಲೆಕ್ಕಕ್ಕೆ ವಾರಕ್ಕೊಮ್ಮೆ ಬೇಕು. ಎರಡನೆಯ ಡಿಸ್ಕ್ ಬೇರೆ ಮನೆಯಲ್ಲಿರಲಿ. ಊರಿನ ಮನೆಗೆ ಯುಗಾದಿ, ಗೌರಿ ಹಬ್ಬ, ದೀಪಾವಳಿಗೆ ಹೋಗುವವರು ಆಗ ಒಂದನ್ನು ಒಯ್ದು ಅಲ್ಲಿದ್ದುದನ್ನು ತಂದರೆ ಅದಲುಬದಲು ತಾನಾಗಿ ನಡೆಯುತ್ತದೆ. ಕಳ್ಳತನ, ಸಿಡಿಲು, ಮೇಲಿನ ಟ್ಯಾಂಕ್ ತುಂಬಿ ಸುರಿಯುವುದು, ಎಲ್ಲಕ್ಕೂ ಇದು ಉತ್ತರ.

ಗೂಗಲ್ ಡ್ರೈವ್ ಇದೆಯಲ್ಲ ಎನ್ನುವವರಿಗೆ: ಕಂಪ್ಯೂಟರಿನ ಫೋಲ್ಡರನ್ನು ಸಿಂಕ್ ಮಾಡಿದ್ದರೆ, ಇಲ್ಲಿ ಕೆಟ್ಟ ಫೈಲ್ ಅಲ್ಲಿಗೂ ಏರುತ್ತದೆ. ಆದರೂ ಅದರಿಂದ ಪ್ರಯೋಜನವಿಲ್ಲ ಎಂದೇನಿಲ್ಲ. ಗೂಗಲ್ ಡ್ರೈವ್ ಫೈಲಿನ ಹಳೆಯ ಆವೃತ್ತಿಯನ್ನು 30 ದಿನ ಇಟ್ಟುಕೊಳ್ಳುತ್ತದೆ, ಬ್ರೌಸರಿನಲ್ಲಿ ಮ್ಯಾನೇಜ್ ವರ್ಷನ್ಸ್‌ನಿಂದ ಒಂದೊಂದಾಗಿ ತೆಗೆಯಬಹುದು. ಸಾವಿರ ಫೈಲ್ ಇದ್ದರೆ ಅದು ಯಾತನೆ. ಹಣ ಕೊಟ್ಟು ಮೈಕ್ರೋಸಾಫ್ಟ್ 365 ಪಡೆದವರಿಗೆ ಇಡೀ ಒನ್‌ಡ್ರೈವನ್ನು ಹಿಂದಿನ 30 ದಿನದೊಳಗಿನ ಒಂದು ದಿನಕ್ಕೆ ಒಮ್ಮೆಗೇ ವಾಪಸ್ ತರುವ ಸೌಲಭ್ಯವಿದೆ. ಉಚಿತ ಜಾಗ ಗೂಗಲ್‌ನಲ್ಲಿ 15, ಒನ್‌ಡ್ರೈವ್‌ನಲ್ಲಿ 5 ಗಿಗಾಬೈಟ್. ದಾಖಲೆ ಪತ್ರಗಳಿಗೆ ಅಷ್ಟು ಧಾರಾಳ.

ಕಂಪ್ಯೂಟರಿನೊಳಗೆ ಬದಲಿಸಬೇಕಾದದ್ದು

ಮಕ್ಕಳಿಗೆ ಬೇರೆ ಅಕೌಂಟ್ ಮಾಡಿಕೊಡಿ, ಸ್ಟ್ಯಾಂಡರ್ಡ್ ಬಗೆಯದು. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ನಲ್ಲಿ ಆ್ಯಡ್ ಅಕೌಂಟ್. ಅಡ್ಮಿನ್ ಪಾಸ್‌ವರ್ಡ್ ಅವರಿಗೆ ಗೊತ್ತಿರಬಾರದು. ಇದರಿಂದ ಆಗುವುದೇನೆಂದರೆ, ಆ ಅಕೌಂಟಿನಲ್ಲಿ ಆಟದ ಕ್ರ್ಯಾಕ್ ಓಡಿದರೂ ಶ್ಯಾಡೋ ಕಾಪಿ ಅಳಿಸಲು, ಡಿಫೆಂಡರ್ ನಿಲ್ಲಿಸಲು ಅದಕ್ಕೆ ಅಧಿಕಾರವಿರುವುದಿಲ್ಲ. ಸಿ ಡ್ರೈವ್‌ನ ಯೂಸರ್ಸ್ ಒಳಗಿರುವ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ಗೂ ಅದು ಕೈ ಹಾಕಲಾರದು. ಇಲ್ಲಿ ಡಿ ಡ್ರೈವ್ ಇನ್ನೊಂದು ರೀತಿಯಲ್ಲಿ ಮೋಸ ಮಾಡುತ್ತದೆ. ವಿಂಡೋಸ್ ಡಿ ಡ್ರೈವ್‌ಗೆ ಕೊಡುವ ಮಾಮೂಲಿ ಅನುಮತಿಯಲ್ಲಿ, ಲಾಗಿನ್ ಆದ ಯಾರು ಬೇಕಾದರೂ ಅಲ್ಲಿನ ಫೈಲ್ ತಿದ್ದಬಹುದು. ಅಂದರೆ ಮಗ ತನ್ನ ಅಕೌಂಟಿನಲ್ಲಿ ತಂದ ರಾನ್ಸಮ್‌ವೇರ್‌ಗೆ ನಿಮ್ಮ ಡಾಕ್ಯುಮೆಂಟ್ಸ್ ಸಿಗದಿದ್ದರೂ ಡಿ ಡ್ರೈವ್ ಪೂರ್ತಿ ಸಿಗುತ್ತದೆ. ಮುಖ್ಯವಾದದ್ದನ್ನು ಡಿ ಇಂದ ತೆಗೆದು ನಿಮ್ಮ ಯೂಸರ್ ಫೋಲ್ಡರಿನೊಳಗೇ ಇಟ್ಟುಕೊಳ್ಳುವುದು ವಾಸಿ. ನೀವೂ ದಿನನಿತ್ಯ ಸ್ಟ್ಯಾಂಡರ್ಡ್ ಅಕೌಂಟ್ ಬಳಸಿದರೆ ಇನ್ನೂ ಒಳ್ಳೆಯದು. ನಿಮ್ಮ ಅಕೌಂಟಿನಲ್ಲೇ ಓಡಿದ ರಾನ್ಸಮ್‌ವೇರ್ ನಿಮ್ಮ ಫೈಲನ್ನಂತೂ ಮುಟ್ಟೇ ಮುಟ್ಟುತ್ತದೆ, ಅದಕ್ಕೆ ಅಡ್ಮಿನ್ ಅಧಿಕಾರ ಬೇಕಿಲ್ಲ.

ಆ ಕೊರತೆ ತುಂಬುವುದು ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್. ವಿಂಡೋಸ್ ಸೆಕ್ಯುರಿಟಿ, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಕೆಳಗೆ ಮ್ಯಾನೇಜ್ ರಾನ್ಸಮ್‌ವೇರ್ ಪ್ರೊಟೆಕ್ಷನ್. ಅಲ್ಲಿ ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್ ಫೋಲ್ಡರುಗಳಲ್ಲಿ ಪರಿಚಯವಿಲ್ಲದ ಪ್ರೋಗ್ರಾಂ ಏನನ್ನೂ ಬರೆಯಲಾರದು. ಪ್ರೊಟೆಕ್ಟೆಡ್ ಫೋಲ್ಡರ್ಸ್‌ಗೆ ಹೋಗಿ ಟ್ಯಾಲಿಯ ಡೇಟಾ ಫೋಲ್ಡರನ್ನೂ ಡಿ ಡ್ರೈವ್‌ನಲ್ಲಿ ಬಿಟ್ಟಿರುವ ಫೋಲ್ಡರುಗಳನ್ನೂ ನೀವೇ ಸೇರಿಸಬೇಕು. ಆನ್ ಮಾಡಿದ ಮೊದಲ ವಾರ ಕಿರಿಕಿರಿ ಇರುತ್ತದೆ. ನುಡಿ, ಹಳೆಯ ಸ್ಕ್ಯಾನರ್ ಪ್ರೋಗ್ರಾಂ, ಕೆಲವು ಆಟಗಳು ಸೇವ್ ಆಗದೆ ಫೈಲ್ ಸಿಗಲಿಲ್ಲ, ಬರೆಯಲಾಗಲಿಲ್ಲ ಎಂಬಂಥ ದಾರಿತಪ್ಪಿಸುವ ಎರರ್ ಕೊಡಬಹುದು. ಹೀಗಾದಾಗ ಬೇಸತ್ತು ಇಡೀ ಸೌಲಭ್ಯವನ್ನೇ ಆಫ್ ಮಾಡುವವರೇ ಜಾಸ್ತಿ. ಆಫ್ ಮಾಡದೆ, ಅಲೋ ಆ್ಯನ್ ಆ್ಯಪ್ ಒಳಗೆ ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್ ನೋಡಿ, ನಿಮಗೆ ಗೊತ್ತಿರುವ ಆ ಒಂದು ಪ್ರೋಗ್ರಾಮಿಗೆ ಅನುಮತಿ ಕೊಡಿ. ಪವರ್‌ಶೆಲ್ ಅಥವಾ ಸ್ಕ್ರಿಪ್ಟ್ ಹೋಸ್ಟ್ ಆ ಪಟ್ಟಿಯಲ್ಲಿ ಕಂಡರೆ ಕೊಡಬೇಡಿ. ಅದಕ್ಕೆ ಕೊಟ್ಟರೆ ಅದರ ಮೂಲಕ ಓಡುವ ಎಲ್ಲ ಸ್ಕ್ರಿಪ್ಟಿಗೂ ಕೊಟ್ಟಂತೆ. ಬೇರೆ ಕಂಪನಿಯ ಆ್ಯಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಹಿಂದೆ ಸರಿಯುತ್ತದೆ, ಈ ಸೌಲಭ್ಯವೂ ಕೆಲಸ ಮಾಡುವುದಿಲ್ಲ. ಮನೆಗೆ ಡಿಫೆಂಡರ್ ಸಾಕೆಂದೇ ನನ್ನ ಅಭಿಪ್ರಾಯ. ಆ್ಯಂಟಿವೈರಸ್‌ಗೆ ವರ್ಷವರ್ಷ ಕೊಡುವ ಹಣ ಹಾರ್ಡ್ ಡಿಸ್ಕಿಗೆ ಹೋಗಲಿ.

ಬಂದೇಬಿಟ್ಟರೆ

ಫೈಲಿನ ಹೆಸರುಗಳು ಕಣ್ಣೆದುರೇ ಬದಲಾಗುತ್ತಿದ್ದರೆ ಶಟ್‌ಡೌನ್‌ಗೆ ಕಾಯಬೇಡಿ. ಪವರ್ ಬಟನ್ನನ್ನು ಆರಿಹೋಗುವ ತನಕ ಒತ್ತಿಹಿಡಿಯಿರಿ. ಉಳಿದ ಫೈಲ್‌ಗಳಾದರೂ ಉಳಿಯುತ್ತವೆ. ಕೆಲಸ ಮುಗಿಸಿ ಹಣ ಕೇಳುವ ಚೀಟಿ, ಅಂದರೆ ಆ ರೀಡ್‌ಮಿ ಫೈಲ್, ಕಾಣಿಸಿದೆ ಎಂದಾದರೆ ಮೊದಲು ನೆಟ್‌ವರ್ಕ್ ವೈರ್, ವೈಫೈ, ಯುಎಸ್‌ಬಿಗೆ ತಗುಲಿಸಿದ್ದೆಲ್ಲವನ್ನೂ ಬಿಡಿಸಿ. ಪರದೆಯ, ಚೀಟಿಯ ಫೋಟೊ ಮೊಬೈಲಿನಲ್ಲಿ ತೆಗೆಯಿರಿ. ಬೇರೆ ಕಂಪ್ಯೂಟರ್ ಅಥವಾ ಮೊಬೈಲಿನಿಂದ ಇಮೇಲ್ ಪಾಸ್‌ವರ್ಡ್ ಮೊದಲು, ಆಮೇಲೆ ಬ್ಯಾಂಕಿನದು ಬದಲಿಸಿ. ಪಾಸ್‌ವರ್ಡ್ ಕಳುವಾಗಿದೆ ಎಂದೇ ಇಟ್ಟುಕೊಳ್ಳಿ.

ಕೆಟ್ಟ ಫೈಲುಗಳನ್ನು, ಚೀಟಿಯ ಸಮೇತ, ಒಂದು ಬೇರೆ ಡಿಸ್ಕಿಗೆ ತೆಗೆದಿಡಿ. ಸೋಂಕಿರುವ ವಿಂಡೋಸಿನೊಳಗಿಂದ ಬೇಡ. ಲಿನಕ್ಸ್ ಮಿಂಟ್‌ನ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ತೆಗೆಯಬಹುದು. ನಂತರ ನೋ ಮೋರ್ ರಾನ್ಸಮ್ ತಾಣಕ್ಕೆ ಹೋಗಿ. ನೆದರ್‌ಲ್ಯಾಂಡ್ಸ್ ಪೊಲೀಸರು, ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರ ಜುಲೈನಲ್ಲಿ ಶುರುಮಾಡಿದ್ದು. ಚೀಟಿ ಮತ್ತು ಒಂದು ಕೆಟ್ಟ ಫೈಲ್ ಕೊಟ್ಟರೆ ಯಾವ ಕುಟುಂಬದ್ದು, ಬಿಡಿಸುವ ಸಾಧನ ಇದೆಯೇ ಎಂದು ಹೇಳುತ್ತದೆ. ಡಿಜೆವಿಯು ಆಗಿದ್ದರೆ ಚೀಟಿಯಲ್ಲಿರುವ ಪರ್ಸನಲ್ ಐಡಿಯ ಕೊನೆಯ ಎರಡು ಅಕ್ಷರ ನೋಡಿ. ಟಿ ಮತ್ತು 1 ಇದ್ದರೆ, ಅದು ಓಡುವಾಗ ಅವರ ಸರ್ವರ್ ಸಿಗದೆ ಎಲ್ಲರಿಗೂ ಒಂದೇ ಆಗಿರುವ ಬೀಗದ ಕೈ ಬಳಸಿದೆ ಎಂದರ್ಥ. ಭದ್ರತಾ ಕಂಪನಿ ಎಮ್ಸಿಸಾಫ್ಟ್ 2019ರ ಅಕ್ಟೋಬರ್‌ನಲ್ಲಿ ಬಿಟ್ಟ ಉಚಿತ ಸಾಧನದಿಂದ ಇಂಥವು ತೆರೆಯುವ ಸಾಧ್ಯತೆ ಇದೆ. ಬೇರೆ ಅಕ್ಷರವಿದ್ದರೆ, 2019ರ ಆಗಸ್ಟ್ ನಂತರದ ತಳಿಗಳಲ್ಲಿ, ಆ ಬೀಗದ ಕೈ ಅವರ ಹತ್ತಿರ ಮಾತ್ರ ಇರುತ್ತದೆ. ಆಗಲೂ ಮೇಲೆ ಹೇಳಿದ ವಿಡಿಯೊ, ಜಿಪ್‌ನ ದಾರಿ ಪ್ರಯತ್ನಿಸಿ. ಡಿಸ್ಕನ್ನು ಎಸೆಯಬೇಡಿ. 2018ರ ಜನವರಿಯಲ್ಲಿ ಕಾಣಿಸಿಕೊಂಡ ಇನ್ನೊಂದು ರಾನ್ಸಮ್‌ವೇರ್ ಗ್ಯಾಂಡ್‌ಕ್ರ್ಯಾಬ್‌ನ ಕೊನೆಯ ಆವೃತ್ತಿಗಳಿಗೆ 2019ರ ಜೂನ್‌ನಲ್ಲಿ ಉಚಿತ ಸಾಧನ ಬಂತು. ಕಾದವರಿಗೆ ಫೈಲ್ ಸಿಕ್ಕಿತು.

ಹಣ ಕೊಡಬೇಡಿ. ಕೊಟ್ಟವರಿಗೆಲ್ಲ ಬೀಗದ ಕೈ ಸಿಗುವುದಿಲ್ಲ, ಸಿಕ್ಕಿದ್ದೂ ಎಲ್ಲ ಫೈಲಿಗೆ ನಡೆಯುವುದಿಲ್ಲ. ಏನು ಬಂದರೂ ಬಿಡಿಸಿಕೊಡುತ್ತೇವೆ ಎಂದು ಮುಂಗಡ ಕೇಳುವ ರಿಕವರಿಯವರನ್ನೂ ನಂಬಬೇಡಿ. ಕೆಲವರು ಆ ಕಳ್ಳರಿಗೇ ಹಣ ಕಟ್ಟಿ, ಮೇಲೆ ತಮ್ಮ ಪಾಲು ಸೇರಿಸಿ ಬಿಲ್ ಮಾಡುತ್ತಾರೆ. ಕೆಟ್ಟ ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟ ಮೇಲೆ, ಎಲ್ಲ ಪಾರ್ಟಿಷನ್ ಅಳಿಸಿ, ಡಿ ಡ್ರೈವ್ ಸಮೇತ, ಬೇರೆ ಕಂಪ್ಯೂಟರಿನಲ್ಲಿ ತಯಾರಿಸಿದ ಪೆನ್‌ಡ್ರೈವ್‌ನಿಂದ ವಿಂಡೋಸ್ ಹೊಸದಾಗಿ ಹಾಕಿ. ಅಪ್‌ಡೇಟ್ ಎಲ್ಲ ಮುಗಿದ ಮೇಲೆ ಬೀರುವಿನಲ್ಲಿರುವ ಡಿಸ್ಕನ್ನು ಚುಚ್ಚಿ.

ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಕೊಡಬಹುದು, ಇಲ್ಲವೇ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಚೀಟಿಯ ಪ್ರಿಂಟ್, ಅದರಲ್ಲಿರುವ ಇಮೇಲ್ ವಿಳಾಸ, ಯಾವಾಗ ಏನು ಡೌನ್‌ಲೋಡ್ ಮಾಡಿದ ಮೇಲೆ ಹೀಗಾಯಿತು ಎಂಬ ಬರಹ, ಒಂದೆರಡು ಕೆಟ್ಟ ಫೈಲ್ ಜೊತೆಗಿರಲಿ. ಪಾಸ್‌ವರ್ಡ್ ಕಳವಾಗಿ ಖಾತೆಯಿಂದ ಹಣವೂ ಹೋಗಿದ್ದರೆ ಠಾಣೆಗೆ ಹೊರಡುವ ಮೊದಲೇ 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಹೋಗುವುದರೊಳಗೆ ತಡೆಹಿಡಿಸಲು ಸಿಗುವ ಸಮಯ ಬಹಳ ಕಡಿಮೆ.